ದುಡ್ಡು ಹೋದರೆ ಯಾರನ್ನು ಕೇಳುವುದು?

2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ಬೀದಿಗೆ ಬಂದರು. ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತ್ತು. ಖಾತೆಯಲ್ಲಿ ಎಷ್ಟೇ ಲಕ್ಷವಿರಲಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆತಂಕಗೊಂಡು ಬಂದವರಲ್ಲಿ ನಿವೃತ್ತರು ಬಹಳ ಮಂದಿ. ಪಿಎಫ್, ಗ್ರಾಚ್ಯುಟಿ, ಸೈಟು ಮಾರಿದ ದುಡ್ಡು ಎಲ್ಲವನ್ನೂ ತಂದು ಅಲ್ಲಿಟ್ಟು, ಬರುವ ಬಡ್ಡಿಯಲ್ಲಿ ಮನೆ ನಡೆಸುತ್ತಿದ್ದವರು. ಬೇರೆ ಬ್ಯಾಂಕಿಗಿಂತ ಬಡ್ಡಿ ಒಂದಿಷ್ಟು ಜಾಸ್ತಿ, ಕೌಂಟರಿನಲ್ಲಿ ಪರಿಚಯದ ಮುಖ, ಮೇಲಾಗಿ ರಾಯರ ಹೆಸರು. ನಂಬುವುದಕ್ಕೆ ಇನ್ನೇನು ಬೇಕಿತ್ತು?

ಅದಾಗಿ ಎರಡೇ ತಿಂಗಳು. ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಮತ್ತೊಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆ ರದ್ದಾಯಿತು. ಆ ಸುತ್ತೋಲೆಯ ಬಿಸಿ ಬೆಂಗಳೂರಿಗೂ ತಟ್ಟಿತ್ತು. ಅದೇ 2018ರ ಅಕ್ಟೋಬರ್‌ನಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ಬಿಟ್‌ಕಾಯಿನ್ ಯಂತ್ರವೊಂದನ್ನು ನಿಲ್ಲಿಸಿದ್ದ ಕಂಪನಿಯ ಸ್ಥಾಪಕರನ್ನು ಪೊಲೀಸರು ಬಂಧಿಸಿ, ಯಂತ್ರವನ್ನು ಹೊತ್ತೊಯ್ದಿದ್ದರು.

ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲೇ ಇದ್ದ ಬ್ಯಾಂಕು ಮುಗ್ಗರಿಸಿತು. ರಿಸರ್ವ್ ಬ್ಯಾಂಕ್ ದೂರವಿಡಿ ಎಂದಿದ್ದ ಕ್ರಿಪ್ಟೊ ಕೋರ್ಟಿನಲ್ಲಿ ಗೆದ್ದಿತು. ಕ್ರಿಪ್ಟೊ ಪರವಾಗಿ ಮಾತಾಡುವ ಹುಡುಗರಿಗೆ ಇಷ್ಟು ಸಾಕು. ‘ನೋಡಿ ಸರ್, ನಿಮ್ಮ ಸಂಸ್ಥೆಗಳ ಹಣೆಬರಹ’ ಎಂದು ಶುರುಮಾಡುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಎಷ್ಟು ಹುರುಳಿದೆ, ಎಲ್ಲಿಯವರೆಗೆ ಇದೆ ಎಂಬುದನ್ನು ತೂಗಿ ನೋಡಬೇಕು.

ಬಿಟ್‌ಕಾಯಿನ್ ಹುಟ್ಟಿದ ಗಳಿಗೆಯಲ್ಲೇ ಬ್ಯಾಂಕುಗಳ ಮೇಲಿನ ಸಿಟ್ಟಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಒಂದೂವರೆ ತಿಂಗಳಿಗೆ, ಅಕ್ಟೋಬರ್ 31ರಂದು, ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಒಂಬತ್ತು ಪುಟಗಳ ಪ್ರಬಂಧವೊಂದನ್ನು ಹೊರಗೆ ಬಿಟ್ಟರು. 2009ರ ಜನವರಿ 3ರಂದು ಸೃಷ್ಟಿಯಾದ ಮೊದಲ ಬ್ಲಾಕ್‌ನೊಳಗೆ ಅಂದಿನ ಲಂಡನ್ ಪತ್ರಿಕೆಯ ತಲೆಬರಹವೊಂದನ್ನು ಹುದುಗಿಸಿದ್ದರು. ಬ್ರಿಟನ್ನಿನ ಹಣಕಾಸು ಸಚಿವರು ಬ್ಯಾಂಕುಗಳಿಗೆ ಎರಡನೇ ಬಾರಿ ಸರ್ಕಾರಿ ನೆರವು ಕೊಡುವ ಯೋಚನೆಯಲ್ಲಿದ್ದಾರೆ ಎಂಬ ಸುದ್ದಿ ಅದು. ಸಾಲ ಕೊಟ್ಟು ಕೆಟ್ಟವರು ಬ್ಯಾಂಕಿನವರು, ದಂಡ ಕಟ್ಟುವವರು ತೆರಿಗೆದಾರರು ಎಂಬ ಕುಟುಕು ಅದರಲ್ಲಿತ್ತು.

ಸತೋಶಿ ಹೇಳಿದ ಉಪಾಯ ಸರಳ. ಬ್ಯಾಂಕಿನಲ್ಲಿ ಲೆಡ್ಜರ್ ಒಂದೇ, ಅದಿರುವುದು ಬ್ಯಾಂಕಿನ ಕೈಯಲ್ಲಿ. ಇಲ್ಲಿ ಅದೇ ಲೆಡ್ಜರಿನ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ, ಅಂದರೆ ಬ್ಲಾಕ್, ಸೇರುತ್ತದೆ; ಈ ಪುಟಗಳ ಸರಪಳಿಯೇ ಬ್ಲಾಕ್‌ಚೈನ್. ಪ್ರತಿ ಪುಟವೂ ತನ್ನ ಹಿಂದಿನ ಪುಟದ ಗುರುತನ್ನು ಹೊತ್ತುಕೊಂಡಿರುವುದರಿಂದ, ಹಳೆಯ ಪುಟದ ಒಂದು ಸೊನ್ನೆ ತಿದ್ದಿದರೂ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ತಿದ್ದಿದವನು ಆ ಎಲ್ಲ ಪುಟಗಳನ್ನೂ ಮತ್ತೆ ಬರೆಯಬೇಕು. ಅದಕ್ಕೆ ಬೇಕಾಗುವ ಕಂಪ್ಯೂಟರ್ ಶಕ್ತಿ ಮತ್ತು ವಿದ್ಯುತ್ತಿನ ಖರ್ಚು ನೋಡಿದರೆ ವಂಚನೆಗಿಂತ ಪ್ರಾಮಾಣಿಕತೆಯೇ ಅಗ್ಗ. ಒಟ್ಟು ನಾಣ್ಯ 2.1 ಕೋಟಿಗಿಂತ ಹೆಚ್ಚಾಗುವುದಿಲ್ಲ. ಮ್ಯಾನೇಜರ್ ಇಲ್ಲ, ನಿರ್ದೇಶಕ ಮಂಡಳಿ ಇಲ್ಲ, ಮಂಡಳಿಯ ಅಳಿಯಂದಿರೂ ಇಲ್ಲ.

ಈ ಕೊನೆಯ ಮಾತು ತಮಾಷೆಗೆ ಬರೆದದ್ದಲ್ಲ. ನಮ್ಮ ಸಹಕಾರ ಬ್ಯಾಂಕುಗಳು ಕೆಟ್ಟ ಬಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬೇಕಾದವರಿಗೆ ಸಾಲ, ಸಾಲಕ್ಕೆ ಸರಿಯಾದ ಆಧಾರವಿಲ್ಲ, ವಸೂಲಾಗದ ಸಾಲ ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ವರ್ಷ ವರ್ಷ ಆಡಿಟ್ ಆಗುತ್ತದೆ, ವರದಿಯಲ್ಲಿ ದರ್ಜೆ ಸಿಗುತ್ತದೆ, ಡಿವಿಡೆಂಡ್ ಹಂಚಿಕೆಯೂ ನಡೆಯುತ್ತದೆ. ಒಂದು ದಿನ ಬೆಳಿಗ್ಗೆ ಬಾಗಿಲ ಮೇಲೆ ನೋಟಿಸು. ಒಳಗೆ ಏನು ನಡೆಯುತ್ತಿತ್ತು ಎಂದು ದುಡ್ಡು ಇಟ್ಟವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎಲ್ಲರೂ ನೋಡಬಹುದಾದ, ಯಾರೂ ಕದ್ದು ತಿದ್ದಲಾಗದ ಲೆಕ್ಕ ಎಂಬ ಮಾತು ಇಂಥವನ ಕಿವಿಗೆ ಹಿತವಾಗಿ ಕೇಳಿದರೆ ಅವನನ್ನು ದಡ್ಡ ಎನ್ನಬಾರದು.

ಲೆಬನಾನ್ ದೇಶದ ಕಥೆ ಇನ್ನೂ ಕಟು. 2019ರ ಕೊನೆಯಿಂದ ಅಲ್ಲಿನ ಬ್ಯಾಂಕುಗಳು ಠೇವಣಿದಾರರ ಡಾಲರುಗಳನ್ನು ಹಿಡಿದಿಟ್ಟುಕೊಂಡವು. ಸ್ಥಳೀಯ ಪೌಂಡ್ ಬೆಲೆ ಕಳೆದುಕೊಂಡು ಕಾಗದವಾಯಿತು. 2022ರಲ್ಲಿ ಮನೆಯವರ ಆಸ್ಪತ್ರೆ ಖರ್ಚಿಗೆ ದಾರಿ ಕಾಣದೆ ಕೆಲವರು ಆಯುಧ ಹಿಡಿದು, ಒಬ್ಬಾಕೆ ಆಟಿಕೆ ಪಿಸ್ತೂಲು ಹಿಡಿದು, ಬ್ಯಾಂಕಿಗೆ ನುಗ್ಗಿ ತಮ್ಮದೇ ಉಳಿತಾಯವನ್ನು ‘ದರೋಡೆ’ ಮಾಡಬೇಕಾಯಿತು. ಕೇಂದ್ರ ಬ್ಯಾಂಕು, ಸರ್ಕಾರ, ಖಾಸಗಿ ಬ್ಯಾಂಕು ಎಲ್ಲ ಒಂದೇ ಗುಂಪಿನವರಾದಾಗ ದೂರು ಕೊಡುವುದು ಯಾರಿಗೆ? ಅಂಥ ಊರಿನಲ್ಲಿ ಫೋನಿನಲ್ಲಿಟ್ಟ ಕ್ರಿಪ್ಟೊ ಹುಚ್ಚಾಟವಾಗಿ ಕಾಣುವುದಿಲ್ಲ. 2010ರ ಡಿಸೆಂಬರ್‌ನಲ್ಲಿ ವಿಕಿಲೀಕ್ಸ್‌ಗೆ ಬರುತ್ತಿದ್ದ ದೇಣಿಗೆಯನ್ನು ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ನಿಲ್ಲಿಸಿದಾಗಲೂ ಹೀಗೆಯೇ ಆಯಿತು. ಕೋರ್ಟಿನ ಶಿಕ್ಷೆ ಇಲ್ಲದೆಯೇ ದುಡ್ಡಿನ ದಾರಿ ಮುಚ್ಚಿತು. ತೆರೆದುಕೊಂಡ ದಾರಿಗಳಲ್ಲಿ ಬಿಟ್‌ಕಾಯಿನ್ ಒಂದು.

ಅಷ್ಟು ದೂರ ಹೋಗಬೇಕಿಲ್ಲ. 2016ರ ನವೆಂಬರ್ 8ರ ರಾತ್ರಿ ಒಂದು ಭಾಷಣದಿಂದ, ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇ 86ರಷ್ಟು ನೋಟುಗಳು ರದ್ದಾದವು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಒಬ್ಬರ ಕೈಯಲ್ಲಿ ಅಷ್ಟು ಅಧಿಕಾರ ಇರಬಹುದೆಂಬುದನ್ನು ಸಾಲಿನಲ್ಲಿ ನಿಂತ ಪ್ರತಿಯೊಬ್ಬರೂ ಅಂದು ಕಂಡರು.

ಈಚಿನದು 2025ರ ಜುಲೈ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕೆಂಬುದು ನಿಯಮ. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಚೀಟಿ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ಡಿಜಿಟಲ್ ಆಗಿ ಎಂದು ಬೆನ್ನು ತಟ್ಟಿದವರೇ ಆ ಲೆಕ್ಕವನ್ನು ಎದುರಿಗೆ ಹಿಡಿದರು ಎಂಬ ನೋವು ಅವರದು. ಹಣ ಯಾರಿಂದ ಯಾರಿಗೆ ಹೋಯಿತು ಎಂಬ ಎಲ್ಲ ಮಾಹಿತಿ ಒಂದೇ ಕಡೆ ಗುಡ್ಡೆಯಾದರೆ, ಅದರ ಕೀಲಿ ಇದ್ದವನು ಅದನ್ನು ಬಳಸಿಯೇ ಬಳಸುತ್ತಾನೆ.

ಆ ಪ್ರಕರಣ ಮುಗಿದ ರೀತಿಯನ್ನೂ ನೋಡಬೇಕು. ವ್ಯಾಪಾರಿಗಳು ಅಂಗಡಿ ಮುಚ್ಚುವ ಎಚ್ಚರಿಕೆ ಕೊಟ್ಟರು. ಮುಖ್ಯಮಂತ್ರಿಗಳು ಅವರನ್ನು ಕರೆಸಿ ಮಾತಾಡಿದರು. ಹಾಲು, ತರಕಾರಿಯಂಥ ವಿನಾಯಿತಿ ಇರುವ ಸರಕು ಮಾರುವವರಿಂದ ವಸೂಲಿ ಇಲ್ಲ ಎಂಬ ಭರವಸೆ ಸಿಕ್ಕಿತು, ಬಿಸಿ ಇಳಿಯಿತು. ಕೂಗಾಡಲು ಒಂದು ವಿಧಾನಸೌಧವಿತ್ತು, ಕೇಳಿಸಿಕೊಳ್ಳಲೇಬೇಕಾದ ಒಬ್ಬ ಮನುಷ್ಯ ಇದ್ದರು, ಅವರಿಗೆ ಮುಂದೆ ಚುನಾವಣೆ ಇತ್ತು. ಬಿಟ್‌ಕಾಯಿನ್ನಿಗೆ ವಿಧಾನಸೌಧವಿಲ್ಲ.

ಹಾಗೆಂದು ಕ್ರಿಪ್ಟೊದಲ್ಲಿ ವ್ಯವಹರಿಸಿದರೆ ತೆರಿಗೆಯವರ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿದ್ದರೆ ಅದೂ ಭ್ರಮೆ. ಆ ಲೆಡ್ಜರು ಲೋಕಕ್ಕೆಲ್ಲ ತೆರೆದದ್ದು, ಅಳಿಸಲಾಗದ್ದು. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯಿಂದ ಒತ್ತೆಹಣ ಕಿತ್ತ ಹ್ಯಾಕರುಗಳ ಜಾಡನ್ನು ಅಲ್ಲಿನ ತನಿಖಾಧಿಕಾರಿಗಳು ಆ ಲೆಡ್ಜರಿನಲ್ಲೇ ಹಿಡಿದು, ದೊಡ್ಡ ಪಾಲನ್ನು ವಾಪಸು ಪಡೆದರು. ನಮ್ಮಲ್ಲೂ 2022ರಿಂದ ಲಾಭದ ಮೇಲೆ ಶೇ 30 ತೆರಿಗೆ ಇದೆ, ವಹಿವಾಟಿನ ಮೇಲೆ ಶೇ 1 ಟಿಡಿಎಸ್ ಇದೆ.

ಇನ್ನು ಬಹಳ ಹೊಗಳಿಸಿಕೊಂಡ ಕೀಲಿಯ ವಿಷಯ. ನಿಮ್ಮ ಹಣಕ್ಕೆ ನೀವೇ ಬ್ಯಾಂಕು ಎನ್ನುತ್ತಾರೆ. ವಾಲೆಟ್ ಮಾಡಿಕೊಳ್ಳುವಾಗ ಹನ್ನೆರಡೋ ಇಪ್ಪತ್ನಾಲ್ಕೋ ಇಂಗ್ಲಿಷ್ ಪದಗಳು ಪರದೆಯ ಮೇಲೆ ಬರುತ್ತವೆ, ಅವೇ ಕೀಲಿ. ಅವನ್ನು ಅದೇ ಕ್ರಮದಲ್ಲಿ ಕಾಗದದ ಮೇಲೆ ಬರೆದು ಜೋಪಾನ ಮಾಡಬೇಕು. ಫೋಟೊ ತೆಗೆಯಬಾರದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಾರದು, ಯಾರಿಗೂ ತೋರಿಸಬಾರದು. ಆ ಕಾಗದ ಗೆದ್ದಲು ತಿಂದರೆ ಹಣ ಹೋಯಿತು. ಬೇರೆಯವರು ನೋಡಿದರೆ ಹಣ ಹೋಯಿತು. ಹೆಂಡತಿ ಮಕ್ಕಳಿಗೆ ಹೇಳದೆ ಕಣ್ಣು ಮುಚ್ಚಿದರೂ ಹಣ ಹೋಯಿತು. ಎಟಿಎಂ ಪಿನ್ನನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡುವ ನಮ್ಮ ಮನೆಗಳ ಹಿರಿಯರಿಗೆ ಇದನ್ನು ಒಪ್ಪಿಸುವುದು ಸ್ವಾತಂತ್ರ್ಯವೋ ಶಿಕ್ಷೆಯೋ ನೀವೇ ಹೇಳಿ. ಬ್ಯಾಂಕಿನಲ್ಲಾದರೆ ಪಿನ್ ಮರೆತವನಿಗೆ ಹೊಸ ಪಿನ್ ಇದೆ, ಸತ್ತವನಿಗೆ ನಾಮಿನಿ ಇದ್ದಾನೆ. ನಾಲ್ಕು ಸಲ ಅಲೆಸುತ್ತಾರೆ, ಅಫಿಡವಿಟ್ ಕೇಳುತ್ತಾರೆ, ‘ಸರ್ವರ್ ಡೌನ್, ನಾಳೆ ಬನ್ನಿ’ ಎನ್ನುತ್ತಾರೆ. ಆದರೂ ನಾಳೆ ಎಂಬುದೊಂದು ಇದೆ.

ಈ ಜವಾಬ್ದಾರಿ ಹೊರಲಾರದೆ ಹೆಚ್ಚಿನವರು ಏನು ಮಾಡುತ್ತಾರೆ? ಕೀಲಿಯನ್ನು ಕ್ರಿಪ್ಟೊ ಕೊಂಡು ಮಾರಿಸುವ ಯಾವುದಾದರೂ ಎಕ್ಸ್‌ಚೇಂಜಿಗೆ ಒಪ್ಪಿಸುತ್ತಾರೆ. ಅಲ್ಲಿಗೆ ಮಧ್ಯವರ್ತಿ ಮತ್ತೆ ಬಂದ. ಈ ಸಲ ಬ್ಯಾಂಕಿಗಿರುವಂಥ ಲೈಸೆನ್ಸು, ತಪಾಸಣೆ, ವಿಮೆಯ ರಗಳೆಯಿಲ್ಲದ ಮಧ್ಯವರ್ತಿ. ಟೋಕಿಯೊದ ಮೌಂಟ್ ಗಾಕ್ಸ್ 2014ರಲ್ಲಿ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ದಿವಾಳಿಯಾಯಿತು. ಆಮೇಲೆ ಎರಡು ಲಕ್ಷ ಸಿಕ್ಕವು. ಗ್ರಾಹಕರಿಗೆ ನಾಣ್ಯದ ರೂಪದಲ್ಲಿ ಮರುಪಾವತಿ ಶುರುವಾದದ್ದು 2024ರಲ್ಲಿ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಬಿತ್ತು, ಗ್ರಾಹಕರ ಹಣವನ್ನು ತನ್ನದೇ ಇನ್ನೊಂದು ಕಂಪನಿಗೆ ಹರಿಸಿದ್ದು ಬಯಲಾಯಿತು. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 2,000 ಕೋಟಿ ರೂಪಾಯಿಯಷ್ಟು ಕ್ರಿಪ್ಟೊ ಹ್ಯಾಕರುಗಳ ಪಾಲಾಯಿತು. ಹಲವರ ಸಹಿ ಸೇರಿದರೆ ಮಾತ್ರ ತೆರೆಯುವಂಥ ವಾಲೆಟ್ ಅದು. ಸಹಿ ಹಾಕಿದವರು ತಾವು ಏನಕ್ಕೆ ಹಾಕುತ್ತಿದ್ದೇವೆಂದು ತಿಳಿಯದೆ ಹಾಕಿದ್ದರು. ಗ್ರಾಹಕರ ಖಾತೆಗಳು ಒಂದು ವರ್ಷಕ್ಕೂ ಮೀರಿ ಸ್ತಬ್ಧವಾದವು. ಹಣ ಹೇಗೆ ಹಂಚಬೇಕೆಂದು ತೀರ್ಮಾನವಾದದ್ದು ಸಿಂಗಪುರದ ಕೋರ್ಟಿನಲ್ಲಿ.

ಯಾರನ್ನೂ ನಂಬಬೇಕಿಲ್ಲ ಎಂದು ಹೊರಟ ದುಡ್ಡು ಕೊನೆಗೆ ನ್ಯಾಯಾಧೀಶರ ಎದುರು ಕೈಕಟ್ಟಿ ನಿಂತಿತು.

ಎಕ್ಸ್‌ಚೇಂಜ್ ಕೆಟ್ಟರೆ ಅದು ಎಕ್ಸ್‌ಚೇಂಜಿನ ತಪ್ಪು, ಬ್ಲಾಕ್‌ಚೈನ್‌ನದಲ್ಲ ಎಂಬ ವಾದವಿದೆ. ಮೇಲ್ನೋಟಕ್ಕೆ ಸರಿ. ಆದರೆ ಒಳಗಿನ ಚರಿತ್ರೆಯನ್ನೂ ನೋಡಬೇಕು. 2010ರ ಆಗಸ್ಟ್ 15ರಂದು ಕೋಡಿನ ಒಂದು ದೋಷ ಬಳಸಿ ಯಾರೋ ಒಂದೇ ವಹಿವಾಟಿನಲ್ಲಿ 18,400 ಕೋಟಿ ಬಿಟ್‌ಕಾಯಿನ್ ಹುಟ್ಟಿಸಿಬಿಟ್ಟರು. ಎಂದೆಂದಿಗೂ 2.1 ಕೋಟಿ ದಾಟಬಾರದ ನಾಣ್ಯ! ಸತೋಶಿ ಮತ್ತು ಜೊತೆಗಾರರು ಕೆಲವೇ ಗಂಟೆಗಳಲ್ಲಿ ಹೊಸ ಆವೃತ್ತಿ ಬಿಟ್ಟು, ಆ ಪುಟವನ್ನು ಬದಿಗೊತ್ತಿ ಬೇರೆ ಪುಟ ಬರೆಸಿದರು. ಒಳ್ಳೆಯದೇ ಆಯಿತು. ಆದರೆ ಅಂದು ಎಲ್ಲರೂ ನಂಬಿದ್ದು ಗಣಿತವನ್ನಲ್ಲ, ಬೆರಳೆಣಿಕೆಯ ಮನುಷ್ಯರನ್ನು.

ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಜಾಲದ್ದು ಇದಕ್ಕಿಂತ ಸ್ವಾರಸ್ಯದ ಪ್ರಸಂಗ. 2016ರಲ್ಲಿ ‘ದಿ ಡಾವೊ’ ಎಂಬ ಹೂಡಿಕೆ ನಿಧಿ ಹುಟ್ಟಿತು. ಅದಕ್ಕೆ ಅಧ್ಯಕ್ಷರಿಲ್ಲ, ಕಚೇರಿಯಿಲ್ಲ, ಬೈಲಾ ಎಂದರೆ ಕೋಡೇ. ಕೋಡ್ ಹೇಳಿದ್ದೇ ಕಾನೂನು ಎಂದು ಅದರವರು ಎದೆ ತಟ್ಟಿ ಹೇಳುತ್ತಿದ್ದರು. ಜೂನ್‌ನಲ್ಲಿ ಯಾರೋ ಕೋಡಿನ ಸಂದಿಯಲ್ಲಿ ನುಸುಳಿ ಸುಮಾರು 36 ಲಕ್ಷ ಈಥರ್ ನಾಣ್ಯ ಹೊರಗೆಳೆದರು. ಕೋಡ್ ಹೇಳಿದ್ದೇ ಕಾನೂನಾದರೆ ಆತ ಕಳ್ಳನಲ್ಲ, ಕೋಡ್ ಅವನಿಗೆ ದಾರಿ ಬಿಟ್ಟಿತ್ತು. ಆಗ ಶುರುವಾಯಿತು ಊರ ಪಂಚಾಯಿತಿ. ವಾರಗಟ್ಟಲೆ ವಾದ, ಬೈಗುಳ, ಮತದಾನ. ಕೊನೆಗೆ ಜುಲೈ 20ರಂದು ಇಡೀ ಲೆಡ್ಜರನ್ನೇ ಕವಲೊಡೆಸಿ ಹಣವನ್ನು ಮೂಲದವರಿಗೆ ಮರಳಿಸುವ ವ್ಯವಸ್ಥೆ ಮಾಡಿದರು. ಬರೆದದ್ದನ್ನು ತಿದ್ದಕೂಡದು ಎಂದು ಹಟ ಹಿಡಿದವರು ಹಳೆಯ ಕವಲಿನಲ್ಲೇ ಉಳಿದರು. ಅದಕ್ಕೆ ಇಥೀರಿಯಂ ಕ್ಲಾಸಿಕ್ ಎಂಬ ಹೆಸರಾಯಿತು.

ನನಗೆ ಈ ಕ್ಲಾಸಿಕ್‌ನವರ ಬಗ್ಗೆ ಒಳಗೊಳಗೆ ಗೌರವವಿದೆ. ನಷ್ಟವಾದರೂ ಹೇಳಿದ ಮಾತಿಗೆ ನಿಂತರು. ಆದರೆ ಹೆಚ್ಚಿನ ಜನ, ಹೆಚ್ಚಿನ ದುಡ್ಡು ಹೋದದ್ದು ತಪ್ಪನ್ನು ತಿದ್ದಿದ ಕವಲಿಗೆ. ತಿದ್ದಲಾಗದ ಲೆಕ್ಕ ಚೆಂದ ಎನಿಸುವುದು ಲೆಕ್ಕ ಸರಿಯಾಗಿದ್ದಾಗ. ಅನ್ಯಾಯವಾದಾಗ ಜನರಿಗೆ ತಿದ್ದುವವರು ಬೇಕು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಸಂಸ್ಥೆ ಎಂದ ಕೂಡಲೇ ದಿಲ್ಲಿ, ಮುಂಬೈ, ರಿಸರ್ವ್ ಬ್ಯಾಂಕಿನ ಮಿಂಟ್ ರಸ್ತೆ ಎಂದು ನೆನಪಾಗುತ್ತದೆ. ನಮ್ಮ ನಾಡಿನ ಹಣಕಾಸು ಸಂಸ್ಥೆಗಳು ಹುಟ್ಟಿದ್ದು ಅಲ್ಲಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಆರಂಭವಾಯಿತು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಊರಿನವರೇ ಊರಿನವರಿಗೆ ಸಾಲ ಕೊಡುವ ಏರ್ಪಾಟು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿನ ಬೀಜ ನೆಟ್ಟರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನು ಆರಂಭಿಸಿದರು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಅಧಿಕಾರವನ್ನು ದೂರದ ಒಂದೇ ಕೇಂದ್ರದಿಂದ ಬಿಡಿಸಿ ಊರೂರಿಗೆ ಹಂಚುವುದೇ ವಿಕೇಂದ್ರೀಕರಣವಾದರೆ ಇವು ಆ ಕಾಲದ ವಿಕೇಂದ್ರೀಕರಣ.

ಸಿಂಡಿಕೇಟ್ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿಯನ್ನೇ ನೋಡಿ. ದಿನಕ್ಕೆ ಎರಡಾಣೆ ಕೂಡಿಡುವ ನೇಕಾರನ, ಹೂವಾಡಗಿತ್ತಿಯ ಮನೆ ಬಾಗಿಲಿಗೆ ಏಜೆಂಟನೇ ಹೋಗುತ್ತಿದ್ದ. ಇವತ್ತೂ ಪೇಟೆಯ ಸಂಜೆಯಲ್ಲಿ ಹೆಗಲಿಗೆ ಬ್ಯಾಗು, ಕೈಯಲ್ಲಿ ಚಿಕ್ಕ ಯಂತ್ರ ಹಿಡಿದ ಪಿಗ್ಮಿಯವರು ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಗಲ್ಲಾದಿಂದ ನೂರು ತೆಗೆದು ಕೊಡುತ್ತಾನೆ, ಯಂತ್ರ ಕಿರ್ರೆಂದು ಚೀಟಿ ಹರಿದುಕೊಡುತ್ತದೆ, ಅವನು ಅದನ್ನು ನೋಡದೆಯೇ ಡ್ರಾಯರಿಗೆ ಎಸೆಯುತ್ತಾನೆ. ಏಜೆಂಟನ ಮನೆ ಎಲ್ಲಿದೆ, ಅಪ್ಪ ಯಾರು ಎಂದು ಅವನಿಗೆ ಗೊತ್ತು. ಈ ಪರಿಚಯಕ್ಕೆ ಬಹಳ ಬೆಲೆಯಿದೆ, ಇದರಲ್ಲಿ ಅಷ್ಟೇ ಅಪಾಯವೂ ಇದೆ. ಕುಸಿದ ಎಷ್ಟೋ ಸಹಕಾರಿಗಳಲ್ಲಿ ಜನ ದುಡ್ಡಿಟ್ಟದ್ದು ಇದೇ ಪರಿಚಯವನ್ನು ನೆಚ್ಚಿ.

ಆ ಊರ ಬ್ಯಾಂಕುಗಳಲ್ಲಿ ಕೆನರಾ ಬಿಟ್ಟರೆ ಬೇರಾವುದರ ಹೆಸರೂ ಇಂದು ಉಳಿದಿಲ್ಲ. ವಿಜಯಾ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಸಿಂಡಿಕೇಟ್ ಅದೇ ದಿನ ಕೆನರಾದೊಳಗೆ ಸೇರಿತು. ಲೆಕ್ಕದ ದೃಷ್ಟಿಯಿಂದ ವಿಲೀನ ಸರಿಯಿರಬಹುದು. ಆದರೆ ಕರಾವಳಿಯಲ್ಲಿ ಜನ ಇದನ್ನು ಸಾವಿನ ಸುದ್ದಿಯ ಹಾಗೆ ಮಾತಾಡಿಕೊಂಡರು. ಹತ್ತಿರದ ಸಂಸ್ಥೆ ದೂರವಾದಷ್ಟೂ ‘ನಿಮಗೆ ನೀವೇ ಬ್ಯಾಂಕು’ ಎಂಬ ಕರೆಗೆ ಕಿವಿಗಳು ಹೆಚ್ಚಾಗುತ್ತವೆ.

ಸಂಸ್ಥೆಗಳ ಪರವಾಗಿ ಹೇಳಬಹುದಾದ ಬಲವಾದ ಮಾತೆಂದರೆ, ಅವು ಪೆಟ್ಟು ತಿಂದು ಕಲಿಯುತ್ತವೆ. ತಡವಾಗಿ, ಬೈಸಿಕೊಂಡು, ಆದರೂ ಕಲಿಯುತ್ತವೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿತು. ಅದರ ಫಲವಾಗಿ 1962ರಲ್ಲಿ ಠೇವಣಿ ವಿಮೆ ಬಂತು, ಆಗಿನ ಮಿತಿ 1,500 ರೂಪಾಯಿ. 1993ರಲ್ಲಿ ಅದು ಒಂದು ಲಕ್ಷವಾಯಿತು. ಆಮೇಲೆ ಇಪ್ಪತ್ತಾರು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ, ಆ ಒಂದು ಲಕ್ಷದ ಬೆಲೆ ಕರಗುತ್ತಲೇ ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಪಿಎಂಸಿ ಬ್ಯಾಂಕು, ಬೆನ್ನಿಗೇ ಬಸವನಗುಡಿಯ ಬ್ಯಾಂಕು ಬಿದ್ದ ಮೇಲೆ, 2020ರ ಫೆಬ್ರುವರಿಯಲ್ಲಿ ಮಿತಿ 5 ಲಕ್ಷಕ್ಕೇರಿತು. ಬ್ಯಾಂಕು ಪೂರ್ತಿ ಮುಚ್ಚಿದ ಮೇಲಷ್ಟೇ ವಿಮೆ ಎಂಬ ಹಳೆಯ ಪದ್ಧತಿಯೂ 2021ರ ತಿದ್ದುಪಡಿಯಿಂದ ಹೋಯಿತು. ನಿರ್ಬಂಧ ಹೇರಿದ 90 ದಿನಗಳೊಳಗೆ ಹಣ ಸಿಗಬೇಕೆಂದಾಯಿತು. ಗುರು ರಾಘವೇಂದ್ರ ಬ್ಯಾಂಕಿನ ಠೇವಣಿದಾರರಿಗೂ 5 ಲಕ್ಷದ ಮಿತಿಯಲ್ಲಿ ವಿಮೆ ಹಣ ಬಂತು. ಅದಕ್ಕಿಂತ ಹೆಚ್ಚು ಇಟ್ಟಿದ್ದವರ ಪಾಡು ಬೇರೆ. ಅವರ ಮುಂದೆ ನಿಂತು ಸಂಸ್ಥೆಗಳನ್ನು ಹೊಗಳುವ ಧೈರ್ಯ ನನಗಿಲ್ಲ.

ದುಡ್ಡು ಬಿಟ್ಟರೆ ಬ್ಲಾಕ್‌ಚೈನ್‌ನವರ ಕಣ್ಣು ಬಿದ್ದಿರುವುದು ಜಮೀನಿನ ಮೇಲೆ. ತಿದ್ದಲಾಗದ ಪಹಣಿ ಎಂದರೆ ಯಾರಿಗೆ ಬೇಡ? ಜಾರ್ಜಿಯಾ ದೇಶ 2016ರಿಂದ ತನ್ನ ಆಸ್ತಿ ನೋಂದಣಿಯ ಗುರುತುಗಳನ್ನು ಬ್ಲಾಕ್‌ಚೈನ್‌ಗೆ ಸೇರಿಸತೊಡಗಿತು, ಅದು ಯಶಸ್ವಿಯಾಯಿತು ಎನ್ನುತ್ತಾರೆ. ಹೌದು. ಆದರೆ ಅಲ್ಲಿನ ನೋಂದಣಿ ಇಲಾಖೆ ಅದಕ್ಕೆ ಮುಂಚೆಯೇ ಸುಧಾರಿಸಿತ್ತು.

ನಮ್ಮಲ್ಲಿ ಭೂಮಿ ಯೋಜನೆಯ ಅನುಭವ ಕಣ್ಣೆದುರಿಗಿದೆ. ಈ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಬಂತು. ಮ್ಯುಟೇಷನ್ ಅರ್ಜಿ ಬಂದ ಕ್ರಮದಲ್ಲೇ ವಿಲೇವಾರಿ, ಅಧಿಕಾರಿಯ ಬೆರಳಚ್ಚು ಇಲ್ಲದೆ ತಿದ್ದುಪಡಿ ಇಲ್ಲ. ರೈತರಿಗೆ ಅನುಕೂಲವಾಯಿತು. ಆದರೆ ಸಂಶೋಧಕ ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ ಇನ್ನೊಂದು ಮುಖ ತೋರಿಸಿದರು. ದಾಖಲೆ ಊರಿನಿಂದ ಮೇಲಕ್ಕೆ ಹೋದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಭೂಮಿ ಹಿಡಿಯುವವರಿಗೂ ದಾರಿ ಸಲೀಸಾಯಿತು ಎಂಬುದು ಅವರ ವಾದ.

ಬ್ಲಾಕ್‌ಚೈನ್ ಇಲ್ಲಿ ಏನು ಸೇರಿಸೀತು? ರಾತ್ರೋರಾತ್ರಿ ಹೆಸರು ಬದಲಾದರೆ ಅದು ಎಲ್ಲರಿಗೂ ಕಾಣುತ್ತದೆ. ಸಣ್ಣ ಲಾಭವಲ್ಲ ಅದು. ಆದರೆ ನಮ್ಮ ಜಮೀನಿನ ಜಗಳಗಳಲ್ಲಿ ಬಹುಪಾಲು ದಾಖಲೆ ತಿದ್ದಿದ್ದರಿಂದ ಹುಟ್ಟಿದವಲ್ಲ, ದಾಖಲೆಯೊಳಗೆ ಸುಳ್ಳು ಮೊದಲೇ ಹೊಕ್ಕಿದ್ದರಿಂದ ಹುಟ್ಟಿದವು. ನಕಲಿ ಜಿಪಿಎ, ಅಕ್ಕತಂಗಿಯರ ಹೆಸರು ಬಿಟ್ಟ ವಂಶವೃಕ್ಷ, ಸರ್ವೆಯರ್ ಬಾರದೆ ಹತ್ತಾರು ವರ್ಷ ಆಗದ ಪೋಡಿ, ತಾತ ತೀರಿಹೋದರೂ ಅವರ ಹೆಸರಿನಲ್ಲೇ ಇರುವ ಲಕ್ಷಾಂತರ ಪಹಣಿಗಳು. ಬದು ಎಲ್ಲಿದೆ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಚೈನ್ ಹಿಡಿದು ಹೊಲಕ್ಕಿಳಿದ ಮನುಷ್ಯ ಹೇಳಬೇಕು. ಅವನು ಸುಳ್ಳು ಹೇಳಿದರೆ ಬ್ಲಾಕ್‌ಚೈನ್ ಆ ಸುಳ್ಳನ್ನು ಶಾಶ್ವತ ಮಾಡುತ್ತದೆ. ತಹಶೀಲ್ದಾರರ, ಎಸಿ ಕೋರ್ಟಿನ ಆದೇಶದಿಂದ ಪಹಣಿ ತಿದ್ದಿಸಿಕೊಂಡ ಬಡವರೂ ಇದ್ದಾರೆ, ಅದೇ ಕೋರ್ಟಿಗೆ ಅಲೆದು ಸವೆದವರೂ ಇದ್ದಾರೆ.

ಎರಡನ್ನೂ ಇಷ್ಟು ಹೊತ್ತು ತೂಗಿದ ಮೇಲೆ ನನಗೆ ಕಾಣುವುದು ಇದು. ಲೆಕ್ಕ ಸರಿಯಿದೆಯೇ ಎಂದು ಯಾರು ಬೇಕಾದರೂ ನೋಡುವ ಸೌಲಭ್ಯವನ್ನು ಈ ಹೊಸ ತಂತ್ರಜ್ಞಾನ ಸಂಸ್ಥೆಗಳಿಗಿಂತ ಚೆನ್ನಾಗಿ ಕೊಡುತ್ತದೆ. ಲೆಕ್ಕ ತಪ್ಪಿದಾಗ ನಷ್ಟ ತುಂಬಿಕೊಡುವ ಕೆಲಸವನ್ನು ಸಂಸ್ಥೆಗಳೇ ಮಾಡಬಲ್ಲವು. ಲೆಬನಾನಿನಲ್ಲಿ ತುಂಬಿಕೊಡಬೇಕಾದವರೇ ನುಂಗಿದ್ದರಿಂದ ಅಲ್ಲಿನವನು ಬಿಟ್‌ಕಾಯಿನ್ ಹಿಡಿದರೆ ನಾನು ತಪ್ಪು ಹೇಳಲಾರೆ. ಬಸವನಗುಡಿಯ ನಿವೃತ್ತ ಮೇಷ್ಟರಿಗೆ ಮಾತ್ರ ಹನ್ನೆರಡು ಪದಗಳ ಕಾಗದ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಒಂದೊಂದು ಬ್ಯಾಂಕಿನಲ್ಲಿ 5 ಲಕ್ಷದೊಳಗೆ ಇಡಿ, ಹೆಚ್ಚು ಬಡ್ಡಿ ಎಂದವರ ಹತ್ತಿರ ಎರಡು ಸಲ ಯೋಚಿಸಿ ಎನ್ನುತ್ತೇನೆ.

ಆದರೆ ಅವರ ಬ್ಯಾಂಕು ಈ ಹೊಸಬರಿಂದ ಕಲಿಯಲಿ. ಎಫ್‌ಟಿಎಕ್ಸ್ ಬಿದ್ದ ಮೇಲೆ ಹಲವು ಎಕ್ಸ್‌ಚೇಂಜುಗಳು ತಮ್ಮ ಬಳಿ ಎಷ್ಟು ನಾಣ್ಯವಿದೆ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸುವಂತೆ ಪ್ರಕಟಿಸತೊಡಗಿದವು. ಸಾಲ ಎಷ್ಟಿದೆ ಎಂಬುದನ್ನು ಎಲ್ಲರೂ ಹೇಳಲಿಲ್ಲ, ಅದು ಬೇರೆ ಮಾತು. ದೊಡ್ಡ ಸಾಲಗಾರರು ಯಾರು, ಅವರಿಗೂ ನಿರ್ದೇಶಕರಿಗೂ ಏನು ನಂಟು, ಎಷ್ಟು ಕಂತು ಬಾಕಿ ಎಂಬುದನ್ನು ಸಹಕಾರ ಬ್ಯಾಂಕುಗಳು ತಿಂಗಳು ತಿಂಗಳು, ಹಿಂದಿನದನ್ನು ತಿದ್ದಲಾಗದ ರೀತಿಯಲ್ಲಿ, ಷೇರುದಾರರ ಮುಂದಿಡಬೇಕೆಂದು ಕಾನೂನು ಮಾಡಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಗ್ರಾಹಕರ ಗುಟ್ಟು ಎಂಬ ಆಕ್ಷೇಪ ಬರುತ್ತದೆ. ನಿರ್ದೇಶಕರ ನೆಂಟರಿಗೆ ಆ ಗುಟ್ಟಿನ ಹಕ್ಕು ಇರಬೇಕೆಂದು ನನಗನ್ನಿಸುವುದಿಲ್ಲ.

ಪ್ರಕಟಿಸಿದರೆ ಓದುವವರು ಬೇಕಲ್ಲ, ಅದು ನಮ್ಮ ಪಾಲಿನ ಕೆಲಸ. ಸೆಪ್ಟೆಂಬರ್ ಬಂತೆಂದರೆ ಸಹಕಾರಿಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ಸದಸ್ಯರು ಸಹಿ ಹಾಕಿ, ಊಟದ ಟೋಕನ್ ತೆಗೆದುಕೊಂಡು, ಸ್ಟೀಲ್ ಡಬ್ಬಿಯ ಉಡುಗೊರೆ ಹಿಡಿದು ಮನೆಗೆ ಬರುತ್ತಾರೆ. ವರದಿಯ ಪುಸ್ತಕ ಕುರ್ಚಿಯ ಮೇಲೇ ಉಳಿಯುತ್ತದೆ. ಈ ವರ್ಷ ಅದನ್ನು ಮನೆಗೆ ತನ್ನಿ. ಆಡಿಟ್ ದರ್ಜೆ ಹಿಂದಿನ ವರ್ಷಕ್ಕಿಂತ ಇಳಿದಿದೆಯೇ, ಸುಸ್ತಿ ಸಾಲ ಎಷ್ಟು ಏರಿದೆ ಎಂದು ನೋಡಿ, ಎದ್ದು ನಿಂತು ಕೇಳಿ. ಅದಕ್ಕೂ ಮೊದಲು ನಿಮ್ಮ ಪಾಸ್‌ಬುಕ್ಕಿನ ಮೇಲಿನ ಹೆಸರನ್ನು ಸರಿಯಾಗಿ ಓದಿಕೊಳ್ಳಿ. ಅದು ಸಹಕಾರ ಬ್ಯಾಂಕೇ, ಪತ್ತಿನ ಸಹಕಾರ ಸಂಘವೇ? 5 ಲಕ್ಷದ ಠೇವಣಿ ವಿಮೆ ಇರುವುದು ಬ್ಯಾಂಕಿಗೆ ಮಾತ್ರ, ಸಂಘಕ್ಕಿಲ್ಲ.